ಮಲಗಿದ ಕಂಪ್ಯೂಟರ್ ಏಳಲಿಲ್ಲ

ಹಾನಗಲ್ಲ ಕಡೆ ಮಳೆಗೆ ಬಿದ್ದ ಮನೆಗಳ ವರದಿ ಅದು. ಎರಡು ದಿನ ಓಣಿ ಓಣಿ ತಿರುಗಿ ಹೆಸರು ಬರೆದುಕೊಂಡು ಬಂದಿದ್ದೆವು. ಸಂಜೆ ಟೈಪ್ ಮಾಡುತ್ತಾ ಕುಳಿತಾಗ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ತಡೆಯುವುದು ಹತ್ತೇ ನಿಮಿಷ. ಎಂದಿನಂತೆ ಹೈಬರ್ನೇಟ್ ಒತ್ತಿ ಊಟಕ್ಕೆ ಎದ್ದೆವು. ಫೈಲ್ ಸೇವ್ ಮಾಡಿರಲಿಲ್ಲ. ಅದು ನಮ್ಮದೇ ತಪ್ಪು.

ಕರೆಂಟ್ ಬಂದು ಗುಂಡಿ ಒತ್ತಿದರೆ ಪರದೆ ಕಪ್ಪಗೆ ನಿಂತುಬಿಟ್ಟಿತು. ಆಫ್ ಮಾಡಿ ಆನ್ ಮಾಡಿದಾಗ ವಿಂಡೋಸ್ ಹೊಸದಾಗಿ ಶುರುವಾಯಿತು, ವರದಿ ಇಲ್ಲ. ಹೆಸರುಗಳೇನೋ ನೋಟ್‌ಬುಕ್ಕಿನಲ್ಲಿದ್ದವು. ಗೋಡೆ ಬಿದ್ದ ರಾತ್ರಿಯ ಬಗ್ಗೆ ಒಬ್ಬ ಅಜ್ಜಿ ಹೇಳಿದ್ದನ್ನು ಮಾತ್ರ ನೆನಪಿನಿಂದ ನೇರವಾಗಿ ಟೈಪ್ ಮಾಡಿದ್ದೆವು. ಅದು ಹಾಗೆಯೇ ಮತ್ತೆ ಬರಲಿಲ್ಲ.

ಮಾರನೇ ದಿನ ಅಂಗಡಿ ಹುಡುಗ, "ರ‍್ಯಾಮ್ ಹೋಗೇತ್ರಿ ಸರ್ರ, ಬೇರೆ ಹಾಕೋಣ" ಅಂದ. ಹಿಂದಿನ ವಾರವಷ್ಟೇ 2 ಜಿಬಿ ಇದ್ದದ್ದನ್ನು 4 ಮಾಡಿಸಿದ್ದೆವು. ಮತ್ತೊಂದು ಪಟ್ಟಿ ಕೊಂಡು ಹಾಕಿದರೂ ಅದೇ ಕಥೆ. ಯಾವುದೇ ಪಟ್ಟಿಯನ್ನು ಒಂಟಿಯಾಗಿ ಹಾಕಿದರೆ ಎದ್ದು ಕೂರುತ್ತಿತ್ತು, ಎರಡು ಸೇರಿದರೆ ಇಲ್ಲ. ಅಂದಮೇಲೆ ಪಟ್ಟಿಯದು ತಪ್ಪಲ್ಲ.

ಹೈಬರ್ನೇಟ್ ಅಂದರೆ ರ‍್ಯಾಮಿನಲ್ಲಿದ್ದದ್ದನ್ನೆಲ್ಲ ಹಾರ್ಡ್‌ಡಿಸ್ಕಿಗೆ ಬರೆದಿಟ್ಟು ಪೂರ್ತಿ ಆರಿಸುವುದು. ಎದ್ದಾಗ ಪ್ರತಿಯೊಂದೂ ತನ್ನ ಹಳೆಯ ವಿಳಾಸಕ್ಕೇ ಮರಳಬೇಕು. ಆ ವಿಳಾಸಗಳನ್ನು ಸರ್ವೆ ನಂಬರ್ ಅಂದುಕೊಳ್ಳಿ. 4 ಜಿಬಿಯೊಳಗಿನ ಕೊನೆಯ ಕೆಲವು ನಂಬರುಗಳು ಗ್ರಾಫಿಕ್ಸ್, ನೆಟ್‌ವರ್ಕ್‌ನಂಥ ಸಾಧನಗಳಿಗೆ ಮೀಸಲು. 2 ಜಿಬಿ ರ‍್ಯಾಮ್ ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ. 4 ಜಿಬಿ ಹಾಕಿದರೆ ಮುಟ್ಟುತ್ತದೆ. ಬಯೋಸ್‌ನ 'ಮೆಮೊರಿ ರಿಮ್ಯಾಪ್' ಸೆಟ್ಟಿಂಗ್ ಆ ಭಾಗದ ರ‍್ಯಾಮಿಗೆ 4 ಜಿಬಿಯ ಆಚೆ ಹೊಸ ನಂಬರ್ ಕೊಡುತ್ತದೆ, ರಸ್ತೆಗೆ ಹೋದ ಹೊಲಕ್ಕೆ ಊರಾಚೆ ಬದಲಿ ಜಾಗ ಕೊಟ್ಟ ಹಾಗೆ. ನಮ್ಮದು 32 ಬಿಟ್ ವಿಂಡೋಸ್ 7. ಅದು ಆಚೆಯ ಜಾಗವನ್ನು ಬಳಸುವುದೇ ಇಲ್ಲ.

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋದೆವು. ಚಿಪ್‌ಸೆಟ್ ಪುಟದಲ್ಲಿ ಆ ಸೆಟ್ಟಿಂಗ್ ಸಿಕ್ಕಿತು. ಡಿಸೇಬಲ್ ಮಾಡಿ ಹೈಬರ್ನೇಟ್ ಒತ್ತಿದೆವು: ಎದ್ದಿತು. ನಂಬಿಕೆ ಬರದೆ ಮತ್ತೆ ಎನೇಬಲ್ ಮಾಡಿದೆವು: ಏಳಲಿಲ್ಲ. ಈಗ ಡಿಸೇಬಲ್‌ನಲ್ಲೇ ಇದೆ. ಬಳಕೆಗೆ ಸಿಗುವ ರ‍್ಯಾಮ್ 4 ಜಿಬಿಗಿಂತ ಕಡಿಮೆಯೇ, ಆದರೆ ಅದು ಮೊದಲೂ ಕಡಿಮೆಯೇ ಇತ್ತು.

ನಿಮ್ಮದು 64 ಬಿಟ್ ಆಗಿದ್ದರೆ ಇದನ್ನು ಮುಟ್ಟಬೇಡಿ, ಸುಮ್ಮನೆ ರ‍್ಯಾಮ್ ಕಳೆದುಕೊಳ್ಳುತ್ತೀರಿ. ಇನ್ನೊಂದು ಮಾತು. ಬದಲಾಯಿಸುವುದಿದ್ದರೆ ಶಟ್‌ಡೌನ್ ಮಾಡಿಯೇ ಬದಲಾಯಿಸಿ. ಹೈಬರ್ನೇಟ್ ಆಗಿರುವಾಗ ನಂಬರುಗಳನ್ನು ಕದಲಿಸಿದರೆ ಬರೆದಿಟ್ಟದ್ದು ಮರಳಲಿಕ್ಕೆ ಜಾಗ ಸಿಗದೆ ಹೋದೀತು.

ವರದಿ ಒಂದು ದಿನ ತಡವಾಗಿ, ಒಳಪುಟದಲ್ಲಿ ಬಂತು. ಅಜ್ಜಿಯ ಮಾತಿರಲಿಲ್ಲ. ಹೆಚ್ಚುವರಿ ಕೊಂಡ ರ‍್ಯಾಮ್ ಪಟ್ಟಿ ಇನ್ನೂ ಡ್ರಾಯರಿನಲ್ಲಿದೆ, ಅಂಗಡಿಯವ ವಾಪಸ್ ತೆಗೆದುಕೊಳ್ಳಲಿಲ್ಲ.