ಬೆರಳಿನ ಬಿಡುವು

ಆದಿತ್ಯವಾರ ತಪ್ಪದೆ ರಾಮನಗರದ ಬಂಡೆಗಳನ್ನು ಏರತಕ್ಕ ಹವ್ಯಾಸಿಗಳಲ್ಲಿ ಗುಮಾಸ್ತನೊಬ್ಬನುಂಟು. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರು ದೂರ. ಬೆಳಕು ಹರಿಯುವ ಮುನ್ನವೇ ಹೊರಡುವನು. ವಾರದ ನಡುವೆ ಎರಡು ಸಂಜೆ ನಗರದ ಕೃತಕ ಗೋಡೆಯ ಮೇಲೆ ಅಭ್ಯಾಸ. ಆರು ತಿಂಗಳಲ್ಲಿ ತೋಳು ಹುರಿಗೊಂಡಿತು. ಹಿಂದೆ ಎಟುಕದಿದ್ದ ಅಂಚುಗಳು ಕೈಗೆ ಸಿಕ್ಕಹತ್ತಿದವು. ಆ ಉತ್ಸಾಹದಲ್ಲಿ ವಿಶ್ರಾಂತಿಯ ದಿನಗಳನ್ನೂ ಅಭ್ಯಾಸಕ್ಕೆ ಸೇರಿಸಿಕೊಂಡನು. ಕೆಟ್ಟುದು ಇಲ್ಲಿಯೇ.

ಬೆರಳನ್ನು ಮಡಿಸುವ ಬಲವಾದ ಮಾಂಸಖಂಡಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಬಾವಿಯ ಹಗ್ಗದಂತೆ ಬೆರಳನ್ನೆಳೆಯುತ್ತವೆ. ರಜ್ಜು ಮೂಳೆಯನ್ನು ಬಿಟ್ಟೇಳದಂತೆ ಸಣ್ಣ ಪಟ್ಟಿಗಳು ಅದನ್ನು ಬಿಗಿಹಿಡಿದಿವೆ. ಮಾಂಸಖಂಡವು ಕೆಲವು ವಾರಗಳಲ್ಲಿಯೇ ಬಲಿಯುವುದು. ರಕ್ತಸಂಚಾರ ಕಡಮೆಯಾದ ರಜ್ಜುಗಳಿಗೂ ಪಟ್ಟಿಗಳಿಗೂ ತಿಂಗಳುಗಟ್ಟಲೆ ಬೇಕು. ತೋಳು ಮಾಡಿದ ಸಾಲಕ್ಕೆ ಬೆರಳು ಹೊಣೆ!

ಒಂದು ದಿನ, ಕಿರಿದಾದ ಅಂಚೊಂದರಲ್ಲಿ ಗೆಣ್ಣುಗಳನ್ನು ಮಡಿಸಿ ಮೈಭಾರವನ್ನೆಲ್ಲ ಹಾಕಿದಾಗ, ಉಂಗುರದ ಬೆರಳಿನಲ್ಲಿ ಟಪ್ಪೆಂದು ಸದ್ದಾಯಿತು. ಹಗ್ಗವಿದ್ದುದರಿಂದ ಜೀವಕ್ಕೆ ಅಪಾಯವಾಗಲಿಲ್ಲ. ಮನೆಯಲ್ಲಿ ಸಂಗತಿಯನ್ನು ಬಚ್ಚಿಟ್ಟಿದ್ದನು; ಮರುದಿನ ನೀರಿನ ಚೆಂಬನ್ನೆತ್ತಲಾರದೆ ತಾಯಿಯ ಮುಂದೆ ಸಿಕ್ಕಿಬಿದ್ದನು.

ಆರು ವಾರ ಅವನು ಏರಲಿಲ್ಲ. ಆದರೂ ಆದಿತ್ಯವಾರ ಹೋಗುವುದನ್ನು ಬಿಡದೆ, ಬಂಡೆಯ ಬುಡದಲ್ಲಿ ನೋಡುತ್ತ ಕುಳಿತನು. ಏರುವುದಕ್ಕಿಂತ ಇದು ಕಷ್ಟವೆಂಬುದನ್ನು ಹಟವಾದಿಗಳೆಲ್ಲರೂ ಬಲ್ಲರು. ಆಮೇಲೆ ತುಂಬುಗೈಗೆ ಸಿಗುವ ದೊಡ್ಡ ಹಿಡಿಗಳಿಂದ ಮತ್ತೆ ಆರಂಭ. ಈಗ ಅವನ ದಿನಚರಿಯಲ್ಲಿ ವಿಶ್ರಾಂತಿಯ ದಿನಗಳಿಗೆ ಕೆಂಪು ಶಾಯಿ. ಕಳೆದ ವಾರ ಅದೇ ಅಂಚಿನವರೆಗೆ ಹೋದನು, ಬೆರಳು ಚುರುಕೆಂದಿತು. ಗೆಳೆಯರು ಕೆಳಗಿನಿಂದ ಕೂಗಿ ಹುರಿದುಂಬಿಸುತ್ತಿದ್ದಂತೆಯೇ ಇಳಿದುಬಂದು, ಕೈಯ ಸುಣ್ಣದಪುಡಿಯನ್ನೊರಸಿಕೊಂಡು, ಬುತ್ತಿಯ ಚಿತ್ರಾನ್ನವನ್ನು ಬಿಚ್ಚಿದನು.