ಕುದುರೆಯ ಮಿಜಾಜು

'ಮಿಜಾಜು' ಎಂಬ ಮಾತು ನಮ್ಮ ಧಾರವಾಡ ಸೀಮೆಯ ಕನ್ನಡದಲ್ಲಿ ಸೊಕ್ಕು ಎಂಬ ಅರ್ಥಕ್ಕೆ ಬಂದು ನಿಂತಿದೆ. 'ಅಂವಗ ಭಾಳ ಮಿಜಾಜ ಐತಿ' ಎಂದರೆ ಅದು ಹೊಗಳಿಕೆಯಲ್ಲ. ಉರ್ದುವಿನಲ್ಲಿ ಹಾಗಿಲ್ಲ. ಎದುರಿಗೆ ಸಿಕ್ಕವರ ಮಿಜಾಜು ವಿಚಾರಿಸುವುದೆಂದರೆ ಕ್ಷೇಮ ಕೇಳುವುದು. ಅರಬ್ಬಿಯ ಮೂಲಕ್ಕೆ ಹೋದರೆ ಪದದ ಅರ್ಥ ಬೆರಕೆ, ಮಿಶ್ರಣ. ಯುನಾನಿ ಹಕೀಮರು ನಾಡಿ ಹಿಡಿದು ಹುಡುಕುತ್ತಿದ್ದುದು ಇದನ್ನೇ. ಬಿಸಿ, ತಂಪು, ಹಸಿ, ಒಣ ಎಂಬ ಗುಣಗಳು ಈ ಒಬ್ಬ ಮನುಷ್ಯನಲ್ಲಿ ಹೇಗೆ ಬೆರೆತಿವೆ ಎಂಬುದನ್ನು. ಕುದುರೆಯ ವಿಷಯಕ್ಕೆ ನನಗೆ ಈ ಮೂರನೆಯ ಅರ್ಥವೇ ಸರಿಯೆನಿಸುತ್ತದೆ.

ಮಾತು ಯಾಕೆ ಬಂತೆಂದರೆ, ನವಲಗುಂದ ಕಡೆಯ ನಮ್ಮ ಬಳಗದ ಹುಡುಗನೊಬ್ಬ ಸವಾರಿಯ ಶೋಕಿಗಾಗಿ ಕುದುರೆ ಕೊಳ್ಳಲು ಹೊರಟಿದ್ದಾನೆ. 'ಚಾಚಾ, ಯಾವ ಜಾತಿ ಕುದರಿ ಚಲೋ? ಮಾರವಾಡಿ ಕಚ್ಚತದಂತ, ರೇಸಿಂದು ಹುಚ್ಚಂತ, ಖರೇನ?' ಎಂದು ಕೇಳಿದ. ನನ್ನನ್ನು ತಡೆದು ನಿಲ್ಲಿಸಿದ್ದು ಆ 'ಜಾತಿ' ಎಂಬ ಮಾತು.

ತಳಿಗೊಂದು ಸ್ವಭಾವ ಇಲ್ಲವೇ ಇಲ್ಲ ಎನ್ನುವಂತಿಲ್ಲ. ರೇಸಿನ ಥರೋಬ್ರೆಡ್ ಇಂಗ್ಲೆಂಡಿನಲ್ಲಿ 17-18ನೆಯ ಶತಮಾನಗಳಲ್ಲಿ ರೂಪುಗೊಂಡದ್ದು. ಅದರ ಗಂಡು ಸಂತತಿಯ ಬೇರು ಪೂರ್ವದೇಶಗಳಿಂದ ಹೋದ ಮೂರೇ ಮೂರು ಕುದುರೆಗಳಲ್ಲಿದೆ. ಸುಮಾರು 300 ವರ್ಷ ಮನುಷ್ಯ ಅದರಲ್ಲಿ ವೇಗವೊಂದನ್ನೇ ಆರಿಸುತ್ತ ಬಂದ. ಅದು ಬೇಗ ಕಾವೇರುತ್ತದೆ, ಬೇಗ ಬೆದರುತ್ತದೆ. ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿಗಳ ಮಾರವಾಡಿ, ಕಾಠಿಯಾವಾಡಿಗಳು ಒಣನಾಡಿನ ಕಾದಾಟಕ್ಕಾಗಿ ಸಾಕಿದವು. ಅವು ಚುರುಕು, ಧೈರ್ಯದವು, ಆದರೆ ಒರಟು ಕೈಯನ್ನು ಸಹಿಸುವುದಿಲ್ಲ. ಇನ್ನು ನಮ್ಮ ದಖ್ಖನಿನ ಭೀಮತಡಿ. ಹೆಸರಿನಲ್ಲೇ ಭೀಮೆಯ ದಂಡೆ ಇದೆ. ಗಿಡ್ಡ ಮೈ, ಗಟ್ಟಿ ಕಾಲು. ಕುರಿಗಾರರ ಹಿಂದೆ ಗಂಟುಮೂಟೆ, ಪಾತ್ರೆಪಡಗ, ನಡೆಯಲಾರದ ಮರಿಗಳನ್ನು ಹೊತ್ತು ಸಾಗುವ ಶಾಂತ ಜೀವ. ದೇಶದ ಅಧಿಕೃತ ತಳಿಗಳ ಪಟ್ಟಿಗೆ ಅದು ಸೇರಿದ್ದು 2020ರ ನಂತರ. ಅಲ್ಲಿಯತನಕ ಅದನ್ನು ಬರೀ 'ತಟ್ಟು' ಎಂದು ಕರೆದವರೇ ಹೆಚ್ಚು.

ಆದರೆ ಇದು ಬೆರಕೆಯ ಒಂದು ಪಾಲು ಮಾತ್ರ. ರೇಸಿನಿಂದ ನಿವೃತ್ತಿಯಾದ ಕುದುರೆಯನ್ನು ಕೊಂಡವನು ಅದನ್ನು ನಿಲ್ಲಿಸಲು ಲಗಾಮು ಬಿಗಿಯಾಗಿ ಜಗ್ಗುತ್ತಾನೆ, ಅದು ಇನ್ನೂ ಜೋರಾಗಿ ಓಡುತ್ತದೆ. 'ಹುಚ್ಚು ಕುದುರೆ' ಎನ್ನುತ್ತಾರೆ. ಅದಕ್ಕೆ ಹುಚ್ಚಿಲ್ಲ. ಲಗಾಮಿನ ಬಿಗಿಗೆ ಬಾಯಿ ಕೊಟ್ಟು ಮುನ್ನುಗ್ಗುವುದನ್ನೇ ಅದಕ್ಕೆ ಎಳವೆಯಲ್ಲಿ ಕಲಿಸಿರುತ್ತಾರೆ. ಟಾಂಗಾದ ಕುದುರೆಗೆ ಲಗಾಮು ಗೊತ್ತು, ಯಜಮಾನನ ದನಿ ಗೊತ್ತು. ಸವಾರ ಪಕ್ಕೆಗೆ ಕಾಲು ಒತ್ತಿದರೆ ಏನು ಮಾಡಬೇಕೆಂದು ತಿಳಿಯದೆ ನಿಂತುಬಿಡುತ್ತದೆ. ಅದನ್ನು 'ಮೊಂಡು' ಎನ್ನುತ್ತಾರೆ. ಮದುವೆ ಮೆರವಣಿಗೆಯ ಹೆಣ್ಣು ಕುದುರೆ ಬ್ಯಾಂಡು, ಪಟಾಕಿಗಳ ನಡುವೆ ತಣ್ಣಗೆ ನಿಂತಿರುತ್ತದೆ. ಅದೇ ಕುದುರೆಯನ್ನು ಒಂಟಿಯಾಗಿ ಅಣ್ಣಿಗೇರಿಯ ಎರೆಹೊಲದ ದಾರಿಗೆ ತಂದರೆ ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲಕ್ಕೂ ಹಾರಿಬೀಳಬಹುದು. ಮೈಸೂರಿನಲ್ಲಿ ದಸರೆಗೆ ಮುಂಚೆ ಆನೆಗಳ ಜೊತೆ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಮೊದಲ ಸದ್ದಿಗೆ ಬೆಚ್ಚಿದವು ನಾಲ್ಕಾರು ತಾಲೀಮಿನಲ್ಲಿ ಪಳಗುತ್ತವೆ. ಅಂಜದಿರುವುದನ್ನೂ ಕಲಿಸಬಹುದು.

ನಮ್ಮೂರಲ್ಲಿ ಸ್ಟೇಷನ್ನಿಗೆ ಟಾಂಗಾ ಹೊಡೆಯುತ್ತಿದ್ದ ಮುದುಕರೊಬ್ಬರು ಕುದುರೆಯ ಹಿಂದಿನಿಂದ ಬರುವಾಗ ದೂರದಿಂದಲೇ 'ಬೇಟಾ' ಎಂದು ಕೂಗುತ್ತಿದ್ದರು. ಕುದುರೆಯ ಕಣ್ಣುಗಳು ತಲೆಯ ಎರಡೂ ಬದಿಗಿರುವುದರಿಂದ ಅದಕ್ಕೆ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ, ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಹುಲಿ-ತೋಳಗಳಿಗೆ ಆಹಾರವಾಗಿ ಬಾಳಿದ ಪ್ರಾಣಿ, ಕಾಣದೆಡೆಯಿಂದ ಕೈ ಬಿದ್ದರೆ ಒದೆಯುತ್ತದೆ. ಅದನ್ನು ದುಷ್ಟತನವೆನ್ನುವುದು ಹೇಗೆ?

ಕುರ್‌ಆನಿನ 100ನೆಯ ಅಧ್ಯಾಯ 'ಆದಿಯಾತ್' ಓಡುವ ಕುದುರೆಗಳ ಆಣೆಯಿಂದ ಆರಂಭವಾಗಿ ಮನುಷ್ಯನ ಕೃತಘ್ನತೆಯ ಕಡೆಗೆ ತಿರುಗುತ್ತದೆ. ನನ್ನ ಯೋಚನೆಯೂ ಕುದುರೆಯಿಂದ ಮನುಷ್ಯನ ಕಡೆಗೆ ಹೊರಳಿತು. ಬಾಡಿಗೆ ಮನೆ ಕೇಳಲು ಹೋದಾಗ ನನ್ನ ಹೆಸರು ಕೇಳಿದ ಕೂಡಲೇ ನನ್ನ ಇಡೀ ಸ್ವಭಾವ ತಿಳಿದುಬಿಟ್ಟವರನ್ನು ಕಂಡಿದ್ದೇನೆ. ಬಾಗಿಲು ಮುಚ್ಚುವ ಮುಂಚೆ ಅವರು ನನ್ನೊಂದಿಗೆ ಆಡಿದ್ದು ನಾಲ್ಕು ಮಾತು. ನಮ್ಮವರೂ ಕಡಿಮೆಯೇನಲ್ಲ. ಪಿಂಜಾರರ ಗುಣ ಇಂಥದ್ದು, ಸಯ್ಯದರ ಗುಣ ಇಂಥದ್ದು ಎಂಬ ಮಾತು ಸಂಬಂಧ ಕುದುರಿಸುವಾಗ ನಮ್ಮ ಮನೆಗಳ ಪಡಸಾಲೆಯಲ್ಲೂ ಕೇಳುತ್ತದೆ. ಕುದುರೆಯ ತಳಿಯನ್ನಾದರೂ ಮನುಷ್ಯ ಬೇಕೆಂದೇ ಆರಿಸಿ, ಕೂಡಿಸಿ, ನೂರಾರು ವರ್ಷ ತಿದ್ದಿದ್ದಾನೆ. ಅಷ್ಟಾದರೂ ಎದುರಿಗೆ ನಿಂತ ಒಂದು ಕುದುರೆಯ ಬಗ್ಗೆ ತಳಿಯ ಹೆಸರು ಹೇಳುವುದು ಸ್ವಲ್ಪವೇ. ಹೀಗಿರುವಾಗ ಮನುಷ್ಯರ ವಿಷಯದಲ್ಲಿ ನಮಗೆ ಇಷ್ಟೊಂದು ಖಾತ್ರಿ ಎಲ್ಲಿಂದ ಬಂತು?

ಸವಾರಿಗೆ ಕುದುರೆ ಕೊಳ್ಳುವವರು ಇಷ್ಟು ಮಾಡಲಿ. ಜೀನು ಹಾಕುವ ಮುಂಚೆಯೇ ಹೋಗಿ ಲಾಯದಲ್ಲಿ ಅದು ಹೇಗೆ ನಿಂತಿದೆ ನೋಡಲಿ. ಮೇವು ತಿನ್ನುವಾಗ ಮನುಷ್ಯ ಹತ್ತಿರ ಬಂದರೆ ಕಿವಿ ಹಿಂದಕ್ಕೆ ಮಡಚುತ್ತದೆಯೋ, ಮುಂದಕ್ಕೆ ನಿಮಿರಿಸುತ್ತದೆಯೋ ಗಮನಿಸಲಿ. ಇದುವರೆಗೆ ಯಾವ ಕೆಲಸ ಮಾಡಿತ್ತು, ಯಾರ ಕೈಯಲ್ಲಿತ್ತು, ಈಗ ಯಾಕೆ ಮಾರುತ್ತಿದ್ದಾರೆ ಎಂದು ಕೇಳಲಿ. ದಿನವಿಡೀ ಕಟ್ಟಿಹಾಕಿ ಬರೀ ಕಾಳು ತಿನ್ನಿಸಿದ್ದರೆ ಅದರ ಚಡಪಡಿಕೆಗೆ ಕಾರಣ ಅಲ್ಲೇ ಸಿಕ್ಕೀತು. ಬೇರೆ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಒಂದಿಷ್ಟು ದೂರ ನಡೆಯುತ್ತದೆಯೇ ನೋಡಲಿ. ಒಂದು ದಿನ ಸಾಲದಿದ್ದರೆ ಮತ್ತೊಂದು ದಿನ ಹೋಗಲಿ. ಜಾತಿ ಯಾವುದೆಂದು ಆಮೇಲೆ ಕೇಳಿದರಾಯಿತು.