ಇಪ್ಪತ್ನಾಲ್ಕು ಮೂಲೆಯ ಗುಡಿ

ಡಂಬಳದ ದೊಡ್ಡಬಸಪ್ಪನ ಗುಡಿಯ ಗೋಡೆ ನೇರ ಇಲ್ಲ. ಒಂದೇ ನಡುಬಿಂದುವಿನ ಸುತ್ತ ಚೌಕವನ್ನು ತಿರುಗಿಸುತ್ತ ಹೋದರೆ ಸಿಗುವ 24 ಮೂಲೆಗಳ ನಕ್ಷತ್ರ ಅದು. 12ನೇ ಶತಮಾನದ ಆ ಶಿಲ್ಪಿಯನ್ನು 'ಯಾಕಪ್ಪಾ ಸೊಟ್ಟ ಕಟ್ಟೀದಿ?' ಅಂತ ಇವತ್ತು ಯಾರೂ ಬೈಯುವುದಿಲ್ಲ. ಕಣ್ಣರಳಿಸಿ ನೋಡುತ್ತೇವೆ.

ಅಕ್ಷರ ಅದಲುಬದಲಾಗುವ, ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಮಗುವನ್ನು ಮಾತ್ರ ಬೈಯುತ್ತೇವೆ. ನಲವತ್ತರಲ್ಲಿ 'ನನಗೂ ಎಡಿಎಚ್‌ಡಿ ಇತ್ತೇನೋ' ಎಂದವರನ್ನು ನೋಡಿ ನಗುತ್ತೇವೆ.

ಒಳ್ಳೆಯ ಆಪ್ತಸಮಾಲೋಚನೆ ಇಂಥವರ ಮೂಲೆಗಳನ್ನು ಕೆತ್ತಿ ಹಾಕುವುದಿಲ್ಲ. ಮಾತು, ಆಟ, ಚಿತ್ರ, ಮನೆಯವರೊಂದಿಗೆ ಕೂತು ಹರಟೆ, ಯಾರಿಗೆ ಯಾವುದು ಒಗ್ಗುತ್ತದೋ ಅದನ್ನು ಕೂಡಿಸಿಕೊಳ್ಳುತ್ತದೆ. ದಾರಿ ಹಲವು, ನಡುಬಿಂದು ಆ ವ್ಯಕ್ತಿಯೇ.

ಇಂಥ ನೆರವಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರ ಅನಿಸಿದರೆ ಮೊದಲು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಪುಕ್ಕಟೆ, ಕನ್ನಡದಲ್ಲೇ.